ಪೊರ್ಬುಗಳ ಪ್ಲೇಟು, ತಿಜಾರಿ ಬೆಲ್ಟು

ನಾನು ಶಾಲೆ ಬಿಟ್ಟದ್ದು ೧೯೯೧ರಲ್ಲಿ, ಏಳನೇ ಕ್ಲಾಸು ಮುಗಿಯುವ ಮೊದಲೇ. ಅಲ್ಲಿಂದ ಇಲ್ಲಿಯವರೆಗೆ ಕೈಕಟ್ಟಿ ಕೂತವನಲ್ಲ. ಮೂಡುಬಿದಿರೆಯಲ್ಲಿ ಫ್ರಿಜ್ಜು ರಿಪೇರಿ ಕಲಿತೆ, ಮುಂಬೈಯಲ್ಲಿ ಎ.ಸಿ. ಕಲಿತೆ, ಕುವೈತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿ ಇರಲು ಸರ್ಕಾರ ಕೊಡುವ ಇಕಾಮಾ ಕಾರ್ಡಿನಲ್ಲಿ ನನ್ನ ಕೆಲಸ ಇವತ್ತಿಗೂ ‘ಕೂಲಿ’ ಎಂದೇ ಇದೆ. ಆದರೆ ಮಹಬೂಲಾದಲ್ಲಿ ಯಾವ ಬಿಲ್ಡಿಂಗಿನ ಎ.ಸಿ. ಕೆಟ್ಟರೂ ಮೊದಲು ಹುಡುಕುವುದು ನನ್ನನ್ನು. ಇರಲಿ, ಇದು ನನ್ನ ಕತೆಯಲ್ಲ. ನೆಲಕ್ಕೆ ಪೌಡರ್ ಹಾಕಿ ಕುಣಿಯುತ್ತಿದ್ದ ಸಿಪ್ರಿಯನ್ ಪೊರ್ಬುಗಳ ಕತೆ.

ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಮನೆಗಳ ಸಾಲಿನ ಹಿಂದೆ ಒಂದು ಹಳೆಯ ಹಾಲ್ ಇದೆ. ಒಂಬತ್ತು ವರ್ಷದ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ, ಅಲ್ಲಿನ ಎ.ಸಿ. ತಣ್ಣಗಾಗುತ್ತಿಲ್ಲ ಎಂದು ನನ್ನನ್ನು ಕಳಿಸಿದರು. ಹೋಗಿ ನೋಡಿದರೆ ನೆಲದ ತುಂಬಾ ಬಿಳಿ ಪುಡಿ. ಮೇಲಿನ ಡಕ್ಟ್ ಒಡೆದು ಉದುರಿದೆ ಎಂದುಕೊಂಡೆ. ನಾನು ಕೆಲಸ ಮಾಡಿದ ಜಾಗ ಕೊಳಕಾಗಿದ್ದರೆ ನನಗೆ ಆಗುವುದಿಲ್ಲ. ಎ.ಸಿ. ಸರಿಮಾಡಿ, ಒದ್ದೆ ಬಟ್ಟೆ ತಂದು, ಹಾಲಿನ ಈ ತುದಿಯಿಂದ ಆ ತುದಿಗೆ ಒರೆಸಿಬಿಟ್ಟೆ. ಅಷ್ಟರಲ್ಲಿ ಒಳಕೋಣೆಯಿಂದ ಒಬ್ಬರು ಬಂದರು. ಅರುವತ್ತರ ಹತ್ತಿರದ ಪ್ರಾಯ, ಕುತ್ತಿಗೆಗೆ ಟೈ, ಕೊಡೆಯ ಹಾಗೆ ಅಗಲವಾದ ಪ್ಯಾಂಟು, ಕೈಯಲ್ಲಿ ಪೌಡರ್ ಡಬ್ಬಿ.

“ಎಂತ ಮಾರಾಯ ಮಾಡಿದ್ದು ನೀನು?”

“ಧೂಳು ಇತ್ತು. ಒರೆಸಿದೆ.”

“ಧೂಳಲ್ಲ ಅದು, ಪೌಡರ್! ನಾನೇ ಹಾಕಿದ್ದು!”

“ನೆಲಕ್ಕಾ?”

“ಮತ್ತೆ ನಿನ್ನ ಮುಖಕ್ಕಾ? ಕೇರಂ ಬೋರ್ಡಿಗೆ ಹಾಕುವುದಿಲ್ವಾ? ಹಾಗೆ. ಇಲ್ಲಿ ಕಾಯಿ ನಾವೇ.”

ನನ್ನ ಮಾತಿನ ರಾಗ ಹಿಡಿದೇ ಅವರಿಗೆ ಊರು ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು. ಕೊಂಕಣಿ ಕ್ರೈಸ್ತರ ಮನೆಯ ಹಿರಿಯರನ್ನು ನಮ್ಮ ಕಡೆ ತುಳುವರು ಪೊರ್ಬುಗಳು ಎಂದು ಕರೆಯುವುದು. ನಾನೂ ಹಾಗೇ ಕರೆದೆ. ಅವರ ಸಿಟ್ಟು ಅರ್ಧ ಇಳಿಯಿತು. ನೆಲ ಒಣಗುವವರೆಗೆ ಕೂತು ಚಾ ಕುಡಿಯಲು ಹೇಳಿದರು. ಚಾ ಮುಗಿಯುವಷ್ಟರಲ್ಲಿ ಹತ್ತಿಪ್ಪತ್ತು ಜನ ಬಂದರು. ಇಬ್ಬರು ಮೂವರು ಇಂಗ್ಲಿಷರು, ಉಳಿದವರು ಗೋವಾದವರು, ಫಿಲಿಪ್ಪೀನ್ಸಿನವರು, ನಮ್ಮವರು. ಪೊರ್ಬುಗಳು ಮತ್ತೆ ಪೌಡರ್ ಚೆಲ್ಲಿ, ಹಾಡಿನ ಮೆಷಿನ್ ಮೇಲೆ ಒಂದು ಸಣ್ಣ ಪ್ಲೇಟು ಇಟ್ಟರು. ರೆಕಾರ್ಡ್ ಎಂಬ ಮಾತನ್ನು ಅವರು ಆಡುತ್ತಿರಲಿಲ್ಲ, ಪ್ಲೇಟು ಎಂದೇ ಹೇಳುವುದು. ಹಾಡು ಶುರುವಾಯಿತು. ಅಷ್ಟು ಹೊತ್ತು ಮಂಡಿ ಹಿಡಿದು ನಡೆಯುತ್ತಿದ್ದ ಮನುಷ್ಯ ಬುಗುರಿಯ ಹಾಗೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ.

ಇದಕ್ಕೆ ನಾರ್ದರ್ನ್ ಸೋಲ್ ಎಂದು ಹೆಸರು. ಪೊರ್ಬುಗಳು ನನಗೆ ಹೇಳಿಕೊಟ್ಟದ್ದು ಇಷ್ಟು: ಸುಮಾರು ಅರುವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಕಪ್ಪು ಜನರು ಹಾಡಿದ ಎಷ್ಟೋ ಪ್ಲೇಟುಗಳು ಅಲ್ಲಿ ಓಡಲಿಲ್ಲ, ಗೋಡೌನಿನಲ್ಲಿ ಬಿದ್ದವು. ಇಂಗ್ಲೆಂಡಿನ ಉತ್ತರದ ಕಡೆಯ ಫ್ಯಾಕ್ಟರಿ ಹುಡುಗರು ಅವನ್ನು ಹುಡುಕಿ ತಂದು, ರಜೆಯ ದಿನ ಬೆವರು ಇಳಿಯುವ ತನಕ ಕುಣಿದರು. “ಅವರದೇ ಊರಲ್ಲಿ ಓಡಲಿಲ್ಲ, ಬೇರೆಯವರ ಊರಲ್ಲಿ ಓಡಿತು. ನಮ್ಮ ಹಾಗೆಯೇ ಮಾರಾಯ,” ಎನ್ನುತ್ತಿದ್ದರು. ಅವರಿಗೆ ಈ ಹುಚ್ಚು ಹಿಡಿಸಿದವನು ಕೀತ್ ಎಂಬ ಇಂಗ್ಲಿಷ್ ಎಂಜಿನಿಯರ್. ಪೊರ್ಬುಗಳು ಆಗ ಅಹ್ಮದಿಯಲ್ಲಿ ಸ್ಪೇರ್ ಪಾರ್ಟಿನ ಸ್ಟೋರ್ ಕೀಪರ್. ಕೀತ್ ಊರಿಗೆ ಹೋಗುವಾಗ ಮೆಷಿನನ್ನೂ ಎಂಬತ್ತು ಪ್ಲೇಟಿನ ಒಂದು ಪೆಟ್ಟಿಗೆಯನ್ನೂ ಇವರಿಗೆ ಕೊಟ್ಟುಹೋದ. ಇರಾಕ್ ಯುದ್ಧದ ವರ್ಷ ಎಲ್ಲರೂ ಓಡುವಾಗ ಪೊರ್ಬುಗಳು ಬಟ್ಟೆಬರೆ ಬಿಟ್ಟು ಆ ಪೆಟ್ಟಿಗೆ ಹೊತ್ತು ಊರಿಗೆ ಹೋದರು, ಯುದ್ಧ ಮುಗಿದ ಮೇಲೆ ಅದನ್ನೇ ಹೊತ್ತು ವಾಪಸು ಬಂದರು. ಮದುವೆಯ ಸೂಟು ಇಲ್ಲೇ ಹೋಯಿತು ಎಂದು ಅವರ ಹೆಂಡತಿ ಕೊನೆಯವರೆಗೂ ಹೇಳುತ್ತಿದ್ದರಂತೆ.

ಮುಂದಿನ ಶುಕ್ರವಾರ ನಾನು ಸುಮ್ಮನೆ ನೋಡಲು ಹೋದೆ. ಅದರ ಮುಂದಿನ ವಾರ ಕುಣಿದೆ. ಈ ಕುಣಿತಕ್ಕೆ ಜೋಡಿ ಬೇಡ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಂದು ರೂಮಿನಲ್ಲಿ ಆರು ಜನ ಮಲಗುವ ನಮ್ಮಂಥವರಿಗೆ ಅದು ದೊಡ್ಡ ಅನುಕೂಲ. ಪೊರ್ಬುಗಳು ಹಿಂದೆ ನಿಂತು ಹೇಳುತ್ತಿದ್ದರು: “ಕಾಲು ಎತ್ತಬೇಡ, ಜಾರಿಸು. ಭತ್ತ ತುಳಿಯುವುದಾ ನೀನು?” ಅಬ್ಬಾಸಿಯಾದಲ್ಲಿ ಒಬ್ಬ ಚಪ್ಪಲಿ ಹೊಲಿಯುವವನ ಹತ್ತಿರ ಕರೆದುಕೊಂಡು ಹೋಗಿ ನನ್ನ ಶೂವಿಗೆ ಚರ್ಮದ ಅಡಿ ಹಾಕಿಸಿದರು. ವಾರಕ್ಕೆ ಆರು ದಿನ ಟೆರೇಸಿನ ಬಿಸಿಲಲ್ಲಿ ಕಂಪ್ರೆಸರ್ ಎತ್ತುವವನಿಗೆ ಆ ಎರಡು ಗಂಟೆ ಬೇರೆಯೇ. ಅಲ್ಲಿ ಯಾರೂ ನನ್ನನ್ನು ಎಷ್ಟನೇ ಕ್ಲಾಸು ಎಂದು ಕೇಳಲಿಲ್ಲ.

ಪೊರ್ಬುಗಳಿಗೆ ಒಂದೇ ಕಾನೂನು. ಪೆಟ್ಟಿಗೆಗೆ ಹೋಗುವ ಪ್ಲೇಟು ಆ ಕಾಲದ್ದೇ ಆಗಬೇಕು, ಆ ಕಾಲದಲ್ಲೇ ಅಚ್ಚಿನಲ್ಲಿ ಒತ್ತಿದ್ದಾಗಬೇಕು. ಯಾರಾದರೂ ಪ್ಲೇಟು ತಂದರೆ ಕನ್ನಡಕ ಹಣೆಗೆ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ನಡುವಿನ ಚೀಟಿಯ ನಂಬರ್ ಓದುವರು. ಮೂವತ್ತು ವರ್ಷ ಸ್ಟೋರಿನಲ್ಲಿ ವಾಲ್ವು, ಬೇರಿಂಗು ನೋಡಿದ ಕಣ್ಣು ಅದು. ನಕಲಿ ಪಾರ್ಟ್ ಒಂದು ಒಳಗೆ ಹೋದರೆ ಎಣ್ಣೆ ಲೈನಿನಲ್ಲಿ ಜೀವ ಹೋಗುತ್ತದೆ ಎಂದು ಕಲಿತವರು. ಎಲ್ಲ ನೋಡಿ “ಅಸ್ಲಿ” ಎನ್ನುವರು. ಅಥವಾ ಏನೂ ಹೇಳದೆ ವಾಪಸು ಕೊಡುವರು.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಕುವೈತಿನಲ್ಲಿ ಯಾವ ಸ್ಪೇರ್ ಅಂಗಡಿಗೆ ಹೋದರೂ ಮೊದಲು ಕೇಳುವುದು ‘ಅಸ್ಲಿಯಾ, ತಿಜಾರಿಯಾ’ ಎಂದು. ಅಸ್ಲಿ ಎಂದರೆ ಕಂಪನಿಯದ್ದೇ. ತಿಜಾರಿ ಎಂದರೆ ಬೇರೆಯವರು ಅದೇ ಅಳತೆಗೆ ಮಾಡಿದ್ದು. ಒಮ್ಮೆ ಪೊರ್ಬುಗಳ ಮೆಷಿನಿನ ರಬ್ಬರ್ ಬೆಲ್ಟ್ ತುಂಡಾಯಿತು.

“ಹಳೆಯದ್ದು ಕೊಡಿ ಪೊರ್ಬುಳೇ, ಸ್ಯಾಂಪಲ್ ಬೇಕು,” ಎಂದೆ. ಅಳತೆಗೆ ಹಿಡಿದು ನೋಡಲು ಸ್ಯಾಂಪಲ್ ಇಲ್ಲದೆ ಯಾವ ಮೆಕ್ಯಾನಿಕ್ಕೂ ಪಾರ್ಟ್ ತರಲು ಹೋಗುವುದಿಲ್ಲ. ಶುವೈಖ್‌ನ ಅಂಗಡಿಗಳಲ್ಲಿ ಎರಡು ದಿನ ಸುತ್ತಿ ಒಂದು ತಂದೆ.

“ಅಸ್ಲಿಯಾ?”

“ಅಸ್ಲಿ ಎಲ್ಲೂ ಇಲ್ಲ. ಇದು ತಿಜಾರಿ. ಅಳತೆ ಸರಿ ಉಂಟು.”

ಅವರು ಮುಖ ಹುಳ್ಳಗೆ ಮಾಡಿದರು. “ಅಸ್ಲಿ ಸಿಗುವವರೆಗೆ ಇರಲಿ,” ಎಂದರು. ಅಸ್ಲಿ ಸಿಗಲಿಲ್ಲ. ಆ ಮಾತು ಮರೆತೂ ಹೋಯಿತು.

ಕಳೆದ ವರ್ಷ ಪೊರ್ಬುಗಳ ಇಕಾಮಾ ರಿನ್ಯೂ ಆಗುವುದಿಲ್ಲ ಎಂದು ಗೊತ್ತಾಯಿತು. ಎರಡು ತಿಂಗಳಲ್ಲಿ ಹೊರಡಬೇಕು. ಪೆಟ್ಟಿಗೆ ಅವರ ಜತೆ ಹೋಗುತ್ತದೆ. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಆದರೆ ಪೆಟ್ಟಿಗೆ ಹೋದರೆ ಶುಕ್ರವಾರವೂ ಹೋದ ಹಾಗೆ. ಆ ಕಾಲದ ಪ್ಲೇಟು ಇನ್ನೊಂದು ಎಂಬತ್ತು ಒಟ್ಟುಮಾಡುವುದು ನಮ್ಮಂಥವರ ಕೈಯಲ್ಲಿ ಆಗುವ ಕೆಲಸವಲ್ಲ. ಹಾಲ್ ನೋಡಿಕೊಳ್ಳುವವರೂ ನಡೆಸುವವರಿದ್ದರೆ ಮಾತ್ರ ಕೀಲಿ ಕೊಡುತ್ತೇವೆ ಎಂದರು.

ಆಗ ಲೀನಾ ಸಿಸ್ಟರ್ ಒಂದು ಪ್ಲೇಟು ತಂದರು. ಅವರು ಶಿರ್ವದವರು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್, ಹಾಲಿನಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ತಿರುಗುವವರು. ಪೊರ್ಬುಗಳು ಅವರನ್ನು ಮಗಳನ್ನು ಕರೆದ ಹಾಗೆ ಬಾಯೆ ಎನ್ನುವರು. ಪೊರ್ಬುಗಳ ಜತೆ ಅವರದು ಕೊಂಕಣಿ, ನನ್ನದು ತುಳು, ಮೂವರೂ ಸೇರಿದರೆ ಮಂಗಳೂರು ಕನ್ನಡ. ಪ್ಲೇಟು ಇಂಗ್ಲೆಂಡಿನಿಂದ ಪೋಸ್ಟಿನಲ್ಲಿ ಬಂದದ್ದು. ಹಾಡುವವರು ಈಗಿನ ಪ್ರಾಯದವರು, ಪ್ಲೇಟು ಒತ್ತಿ ಮೂರು ವರ್ಷವೂ ಆಗಿಲ್ಲ.

ಪೊರ್ಬುಗಳು ಬೆಳಕಿಗೆ ಹಿಡಿದರು. “ಬಾಯೆ, ಇದು ಹೊಸತು.”

“ಗೊತ್ತುಂಟು ಅಂಕಲ್. ಕೇಳಿ ನೋಡಿ ಒಮ್ಮೆ.”

“ಕೇಳುವುದೆಂತ? ಹಾಡು ಚಂದ ಇರಬಹುದು. ಇಲ್ಲಿಗೆ ಸೇರಿದ್ದಲ್ಲ.”

“ಯಾಕೆ ಸೇರಿದ್ದಲ್ಲ?”

“ಆ ಕಾಲದವರು ನಮಗೆ ಅಂತ ಹಾಡಿದ್ದಲ್ಲ ಬಾಯೆ. ಎಲ್ಲೋ ಒಂದು ಇಂಗ್ಲೆಂಡಿನಲ್ಲಿ, ಒಂದು ಕುವೈತಿನಲ್ಲಿ ಯಾರಾದರೂ ಕುಣಿಯುತ್ತಾರೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಹೊಟ್ಟೆಪಾಡಿಗೆ ಹಾಡಿದರು, ಯಾರೂ ಕೇಳಲಿಲ್ಲ, ಮನೆಗೆ ಹೋದರು. ನಾವು ಹುಡುಕಿ ತಂದದ್ದು. ಇವರು ನಾವು ಕುಣಿಯುವುದನ್ನು ನೋಡಿ, ನಮಗೆ ಅಂತಲೇ ಹಾಡಿದ್ದು. ಮುಖ ನೋಡಿ ಹಾಡಿದ್ದಕ್ಕೆ ನಾನು ಹೇಗೆ ಕುಣಿಯಲಿ?”

ಲೀನಾ ಸಿಸ್ಟರ್ ಸುಮ್ಮನಿರುವ ಪೈಕಿಯಲ್ಲ. “ಹಾಗಾದ್ರೆ ನಾನು ಹುಟ್ಟಿದ್ದೇ ತಡ ಆಯ್ತು. ಈಗ ಹಾಡುವವರಿಗೆ ಹೊಟ್ಟೆ ಇಲ್ವಾ ಅಂಕಲ್?”

ಪೊರ್ಬುಗಳು ಪ್ಲೇಟನ್ನು ಕವರಿಗೆ ಹಾಕಿ ವಾಪಸು ಕೊಟ್ಟರು. “ನಾನು ಹೋಗುವ ದಿನಕ್ಕೆ ಇದು ಖಲಾಸ್. ನಕಲಿ ಇಟ್ಟುಕೊಂಡು ಹೆಸರು ಹಾಳುಮಾಡುವುದಕ್ಕಿಂತ ಮುಚ್ಚುವುದು ಒಳ್ಳೆಯದು.”

ಆ ‘ನಕಲಿ’ ಎಂಬ ಮಾತು ನನ್ನನ್ನು ಚುಚ್ಚಿತು. ಸಂಗೀತದ ವಿಷಯ ನನಗೆ ಗೊತ್ತಿಲ್ಲ. ಸ್ಪೇರ್ ಪಾರ್ಟಿನ ವಿಷಯ ಗೊತ್ತು.

“ಪೊರ್ಬುಳೇ, ನೀವು ಸ್ಟೋರ್ ಕೀಪರ್ ಆಗಿ ಈ ಮಾತು ಹೇಳಬಾರದು. ನಕಲಿ ಬೇರೆ, ತಿಜಾರಿ ಬೇರೆ. ನಕಲಿ ಕಂಪನಿಯ ಹೆಸರು ಕದ್ದು ಮೈಮೇಲೆ ಹಾಕಿಕೊಂಡು ಬರ್ತದೆ. ತಿಜಾರಿ ತನ್ನದೇ ಹೆಸರು ಹಾಕಿಕೊಂಡು ಬರ್ತದೆ. ಈ ಪ್ಲೇಟಿನಲ್ಲಿ ಹೆಸರೂ ಉಂಟು, ಇಸವಿಯೂ ಉಂಟು. ಯಾರಿಗೆ ಮೋಸ ಮಾಡಿತು ಇದು?”

“ನೀನು ಎ.ಸಿ. ನೋಡು.”

“ಎ.ಸಿ. ನೋಡಿಯೇ ಹೇಳುವುದು. ನನ್ನ ಮೇಲೆ ಯಾವ ಕಾಲೇಜಿನ ಮುದ್ರೆ ಉಂಟು? ನಾನು ಕೂರಿಸಿದ ಕಂಪ್ರೆಸರ್ ಓಡ್ತಾ ಉಂಟಾ ಇಲ್ವಾ?”

“ನೀನು ಪ್ಲೇಟಾ ಮಾರಾಯ?”

ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಬಿಡಲಿಲ್ಲ. ಮೆಷಿನ್ ಹತ್ತಿರ ಹೋಗಿ, ತಿರುಗುವ ತಟ್ಟೆ ಎತ್ತಿ, ಒಳಗಿನ ಬೆಲ್ಟಿಗೆ ಬೆರಳು ತೋರಿಸಿದೆ.

“ಆರು ವರ್ಷದಿಂದ ನಿಮ್ಮ ಅಸ್ಲಿ ಪ್ಲೇಟುಗಳೆಲ್ಲ ತಿರುಗಿದ್ದು ಯಾವುದರ ಮೇಲೆ? ತಿಜಾರಿ ಬೆಲ್ಟಿನ ಮೇಲೆ. ಕುಣಿಯುವಾಗ ಯಾರಿಗಾದರೂ ಗೊತ್ತಾಯ್ತಾ?”

ಪೊರ್ಬುಗಳು ಬೆಲ್ಟನ್ನು ಬಗ್ಗಿ ನೋಡಿದರು. ಕನ್ನಡಕ ಇಳಿಸಿ ಒರೆಸಿಕೊಂಡರು. ಆವತ್ತು ಬೇಗ ಹೊರಟುಹೋದರು. ಹೋಗುವವರ ಹತ್ತಿರ ಹಾಗೆ ಮಾತಾಡಬಾರದಿತ್ತು ಎಂದು ನನಗೆ ಅನ್ನಿಸಿತು. ಎಲ್ಲರ ಮುಂದೆ ತಟ್ಟೆ ಎತ್ತಿ ತೋರಿಸಿದ್ದು ಜಾಸ್ತಿಯಾಯಿತು. ಹೇಳಿದ್ದು ಸುಳ್ಳು ಎಂದು ಮಾತ್ರ ಅನ್ನಿಸಲಿಲ್ಲ.

ಎರಡು ವಾರ ಅವರು ಆ ಮಾತು ಎತ್ತಲಿಲ್ಲ. ಕೊನೆಯ ಶುಕ್ರವಾರ ಬಂತು. ಪೆಟ್ಟಿಗೆಯಿಂದ ಆರಿಸಿದ ಪ್ಲೇಟುಗಳನ್ನು ಒಂದೊಂದಾಗಿ ಹಾಕಿ, ಪ್ರತಿಯೊಂದಕ್ಕೂ ಕುಣಿದರು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಹಾಲ್ ಮುಚ್ಚುವ ಐದು ಗಂಟೆಗೆ ಹತ್ತು ನಿಮಿಷ ಇರುವಾಗ ಪೆಟ್ಟಿಗೆ ಮುಚ್ಚಿ, ಲೀನಾ ಸಿಸ್ಟರಿಗೆ ಕೈ ಚಾಚಿದರು.

“ತಾ ಬಾಯೆ, ನಿನ್ನ ತಿಜಾರಿ.”

ತಾವೇ ಹಾಕಿದರು. ತಾವೇ ಪೌಡರ್ ಚೆಲ್ಲಿದರು. ಆದರೆ ಕುಣಿಯಲಿಲ್ಲ. ಮೆಷಿನ್ ಪಕ್ಕ, ಕೈಯನ್ನು ಪೆಟ್ಟಿಗೆಯ ಮೇಲಿಟ್ಟು ನಿಂತು ನಮ್ಮ ಕಾಲುಗಳನ್ನೇ ನೋಡಿದರು. ಲೀನಾ ಸಿಸ್ಟರ್ ಮೂರು ಸಲ ತಿರುಗಿ ನೆಲಕ್ಕೆ ಕೂತು ಎದ್ದರು. ಪೊರ್ಬುಗಳ ಬಲಗಾಲಿನ ತುದಿ ನೆಲಕ್ಕೆ ತಾಳ ಬಡಿಯುತ್ತಿದ್ದುದನ್ನು ನಾನು ಕಂಡೆ.

ಹಾಡು ಮುಗಿದ ಮೇಲೆ ನನ್ನ ಹತ್ತಿರ ಬಂದರು. “ಒಳ್ಳೆದುಂಟು ಅಂತ ನಾನು ಹೇಳುವುದಿಲ್ಲ,” ಎಂದರು. ಆಮೇಲೆ, “ಓಡ್ತದೆ,” ಎಂದರು.

ಸ್ಟೋರ್ ಕೀಪರ್ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಹಾಲಿನ ಕೀಲಿಯನ್ನು ನನ್ನ ಕಿಸೆಗೆ ಹಾಕಿದರು. ಮೆಷಿನ್ ನಿನಗೇ ಇರಲಿ, ಅದರ ಬೆಲ್ಟ್ ಬದಲಿಸುವವನು ನೀನಲ್ವಾ ಎಂದರು. ಮರುದಿನ ನಾನೇ ಏರ್‌ಪೋರ್ಟಿಗೆ ಬಿಟ್ಟುಬಂದೆ. ಪೆಟ್ಟಿಗೆಯನ್ನು ಲಗೇಜಿಗೆ ಹಾಕಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಹೋದರು. ಈಗ ಮಂಗಳೂರಿನಲ್ಲಿ ಮಗಳ ಫ್ಲಾಟಿನಲ್ಲಿದ್ದಾರೆ. ಕೆಳಗಿನ ಮನೆಯವರಿಗೆ ಶಬ್ದ ಕೇಳುತ್ತದೆ ಎಂದು ಸಾಕ್ಸ್ ಹಾಕಿ ಕುಣಿಯುವುದಂತೆ. “ಪೌಡರ್ ಹಾಕಿದ್ರೆ ಮಗಳು ಬೈತಾಳೆ, ನಿನ್ನ ಹಾಗೆ ಒರೆಸಿಬಿಡ್ತಾಳೆ,” ಎಂದು ಫೋನಿನಲ್ಲಿ ಹೇಳಿದರು.

ಅವರು ಹೋದ ಮೊದಲ ಶುಕ್ರವಾರ ಮೆಷಿನ್ ಮುಚ್ಚಳ ತೆಗೆದೆ. ತಟ್ಟೆಯ ಮೇಲೆ ಪೆಟ್ಟಿಗೆಯ ಒಂದು ಪ್ಲೇಟು ಇತ್ತು, ಅಸ್ಲಿ. ಮರೆತು ಹೋದರು ಎಂದು ಗಾಬರಿಯಾಗಿ ಕೈಗೆತ್ತಿಕೊಂಡೆ. ಕವರಿನ ಮೂಲೆಗೆ ದಾರದಲ್ಲಿ ಸ್ಟೋರಿನ ಚೀಟಿ ಕಟ್ಟಿದ್ದರು, ವಾಲ್ವಿಗೆ ಬೇರಿಂಗಿಗೆ ಕಟ್ಟುವ ಹಾಗೆ. ಚೀಟಿಯಲ್ಲಿ ಅವರ ದುಂಡು ಅಕ್ಷರದಲ್ಲಿ ಒಂದೇ ಪದ: ‘ಸ್ಯಾಂಪಲ್.’

ಈಗ ಯಾರು ಹೊಸ ಪ್ಲೇಟು ತಂದರೂ ಮೊದಲು ಆ ಸ್ಯಾಂಪಲ್ ಹಾಕುತ್ತೇವೆ. ಆಮೇಲೆ ಹೊಸತನ್ನು ಹಾಕುತ್ತೇವೆ. ಕಾಲು ಒಪ್ಪಿದರೆ ಇಟ್ಟುಕೊಳ್ಳುತ್ತೇವೆ, ಒಪ್ಪದಿದ್ದರೆ ಏನೂ ಹೇಳದೆ ವಾಪಸು ಕೊಡುತ್ತೇವೆ.

ಇವತ್ತಿಗೆ ನನ್ನ ಹತ್ತಿರ ಇರುವುದು ಒಂದು ಕೀಲಿ, ಒಂದು ಮೆಷಿನ್, ಎರಡು ಬೆಲ್ಟು, ಅರ್ಧ ಡಬ್ಬಿ ಪೌಡರ್, ಚರ್ಮದ ಅಡಿಯ ಒಂದು ಜೊತೆ ಶೂ. ಪ್ಲೇಟು ಹತ್ತೊಂಬತ್ತು. ಅದರಲ್ಲಿ ತಿಜಾರಿ ಹದಿನೆಂಟು, ಅಸ್ಲಿ ಒಂದು.