ಬುರುಲ್ ಹೊಲಿದ ಚೀಲಗಳು

ನಮ್ಮ ಪಕ್ಕದ ಮನೆಯ ಬುರುಲ್‌ಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಹಟ ಹತ್ತಿದ್ದು ಒಂದು ಹಸುವಿನಿಂದ. ಅದಕ್ಕೆ ಮೊದಲು ಅವಳೂ ನಮ್ಮೆಲ್ಲರ ಹಾಗೆಯೇ ಇದ್ದಳು. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತಳಾದವಳು, ಚಹಾದ ಜೊತೆ ಊರಿನ ಸುದ್ದಿ ಜಗಿಯುವವಳು, ಪ್ಲಾಸ್ಟಿಕ್ ಚೀಲ ತುರುಕಿ ಒಲೆ ಹೊತ್ತಿಸುವವಳು.

ಹಸು ಹೊಟ್ಟೆ ಉಬ್ಬಿ ಸತ್ತಿತು. ದನದ ವೈದ್ಯ ಕೊಯ್ದು ತೆಗೆದದ್ದು ಕಲ್ಲಂಗಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಉಂಡೆ. ಅದರೊಳಗಿಂದ ಕೆಂಪು ಗುಲಾಬಿಯ ಚಿತ್ರವಿದ್ದ ಚೀಲವೊಂದು ಇಣುಕುತ್ತಿತ್ತು. ಮಗನ ಮದುವೆಯಲ್ಲಿ ಬುರುಲ್ ತಾನೇ ಅತಿಥಿಗಳಿಗೆ ಹಂಚಿದ್ದ ಚೀಲ. ಔತಣಕ್ಕೆ ಬಂದವರು ತಮ್ಮ ಪಾಲಿನ ಮಾಂಸ, ರೊಟ್ಟಿ, ಸಿಹಿಯನ್ನು ಮನೆಗೆ ಕಟ್ಟಿಕೊಂಡು ಹೋಗದಿದ್ದರೆ ನಮ್ಮಲ್ಲಿ ಅದು ಔತಣವೇ ಅಲ್ಲ. ಆ ಬುತ್ತಿಗೆ ಕೆಶಿಕ್ ಅನ್ನುತ್ತೇವೆ.

"ನನ್ನ ಹಸೂನ ನಾನೇ ಕೊಂದೆ ಕಣೇ ಕುಲಿಪಾ," ಎಂದು ನನ್ನ ಹೆಗಲ ಮೇಲೆ ಅತ್ತಳು. ಮಾರನೇ ದಿನ ಆ ಚೀಲ ತೊಳೆದು ಗೇಟಿಗೆ ನೇತು ಹಾಕಿದಳು.

"ಬುರುಲಕ್ಕಾ, ಇದ್ಯಾವ ದೇಶದ ಬಾವುಟ?" ಎಂದು ದಾರಿಹೋಕರು ಕಿಚಾಯಿಸುತ್ತಿದ್ದರು.

"ಮುಂದೆ ನಿನ್ನ ಹಸು ಹೋಗೋ ದೇಶದ್ದು," ಎನ್ನುತ್ತಿದ್ದಳು ಅವಳು.

ಆಮೇಲೆ ಕೆಶಿಕ್‌ಗೆ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ ಎನ್ನುತ್ತ ಮನೆಮನೆ ಸುತ್ತತೊಡಗಿದಳು. "ಒಲೇಲಿ ಪ್ಲಾಸ್ಟಿಕ್ ಸುಡ್ತೀರಲ್ಲ, ಆ ಮಸಿ ಎಲ್ಲಿ ಹೋಗುತ್ತೆ? ಬೆಟ್ಟದ ಮೇಲೆ ನೋಡಿ, ಹಿಮ ಬೂದುಬೂದಾಗಿದೆ. ಮಸಿ ಹಿಡಿದ ಹಿಮ ಬಿಸಿಲಿಗೆ ಬೇಗ ಕರಗುತ್ತೆ. ಆಗಸ್ಟಲ್ಲಿ ಜರದಾಳು ತೋಟಕ್ಕೆ ನೀರು ನಿಮ್ಮಜ್ಜ ತರ್ತಾನಾ?" ಹೆಂಗಸರು ತಲೆಯಾಡಿಸಿ, "ಹಾಗಾದ್ರೆ ಕೆಶಿಕ್‌ನ ಕೋಟಿನ ತೋಳಲ್ಲಿ ತರೋಣ್ವಾ?" ಎಂದು ನಕ್ಕುಬಿಡುತ್ತಿದ್ದರು. "ಮೊದಲು ನಿನ್ ಮನೇಲಿ ಮಾಡಿ ತೋರ್ಸು!"

ತೋರಿಸುವ ದಿನ ಬಂತು. ಮೊಮ್ಮಗ ನಡೆಯತೊಡಗಿದ್ದ. ಅವನ ಕಾಲಿಗೆ ಕಪ್ಪುಬಿಳಿ ದಾರ ಕಟ್ಟಿ, ಊರ ಮಕ್ಕಳ ಓಟದ ಪಂದ್ಯದಲ್ಲಿ ಗೆದ್ದವರ ಕೈಯಿಂದ ಅದನ್ನು ಕತ್ತರಿಸುವ ಔತಣ. ಬುರುಲ್ ಹಳೆಯ ಪರದೆ, ರಜಾಯಿ ಹೊದಿಕೆಗಳಿಂದ ನೂರೈವತ್ತು ಚೀಲ ಹೊಲಿದಳು. ಜಿಡ್ಡು ಸೋರದಂತೆ ಮಾಂಸವನ್ನು ತೆಳು ರೊಟ್ಟಿಯಲ್ಲಿ ಸುತ್ತಬೇಕು ಎಂದಳು. ಸೊಸೆ ನುರ್ಜಾತ್ ಮಾತ್ರ ಹೆದರಿದ್ದಳು. "ಅತ್ತೆ, ನಮ್ಮಮ್ಮ ಬರ್ತಾಳೆ. ಮರ್ಯಾದೇಲಿ ಒಂದೆಳೆ ಕಮ್ಮಿ ಆದ್ರೂ ನಾನು ತವರಿಗೆ ಹೋಗೋ ಹಾಗಿಲ್ಲ."

ನನಗೂ ನಂಬಿಕೆ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ? ಎರಡು ಕಟ್ಟು ಪ್ಲಾಸ್ಟಿಕ್ ಚೀಲ ತಂದು, ಬುರುಲ್ ಮನೆಯಲ್ಲೇ ಒಂದರ ಮೇಲೊಂದು ಒಟ್ಟಿದ್ದ ರಜಾಯಿಗಳ ನಡುವೆ ಗುಟ್ಟಾಗಿ ಅಡಗಿಸಿದೆ.

ಔತಣ ಚೆನ್ನಾಗಿಯೇ ನಡೆಯಿತು. ದಾರ ಕತ್ತರಿಸಿದ್ದೇ ತಡ ಮೊಮ್ಮಗ ಕುರಿಮರಿಯಂತೆ ಓಡಿದ. ಎಡವಟ್ಟಾದದ್ದು ಬೀಳ್ಕೊಡುವಾಗ. ಬೀಗರಿಗೆ ಬಟ್ಟೆ ಉಡುಗೊರೆ ಕೊಟ್ಟೇ ಕಳಿಸುವುದು ನಮ್ಮ ಪದ್ಧತಿ. ಬುರುಲ್ ಅದಕ್ಕಾಗಿ ಮಖಮಲ್ಲಿನ ಕೋಟು ತೆಗೆದಿಟ್ಟಿದ್ದಳು. ಆದರೆ ಕೋಟಿಗಿಂತ ಮೊದಲು ಕೆಶಿಕ್ ಚೀಲ ಕೊಟ್ಟುಬಿಟ್ಟಳು. ಬೀಗಿತ್ತಿ ಉಮ್ಸುನಾಯ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ನನಗೆ ಉಡುಗೊರೆ ಬಟ್ಟೆ ಇದೇನಾ ಬೀಗಿತ್ತಿ? ಪರದೆ ಹರಿದು ಕೊಡ್ತೀಯಾ?"

ನುರ್ಜಾತ್ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣು ಮನೆಯೊಳಗಿನ ರಜಾಯಿಗಳ ಕಡೆ ಹೋಯಿತು.

"ಉಡುಗೊರೆ ಒಳಗಿದೆ, ಈಗ ಹೊದಿಸ್ತೀನಿ," ಎಂದಳು ಬುರುಲ್. "ಇದು ಪಾತ್ರೆ. ನನ್ನ ಪಾತ್ರೆ ನನಗೆ ವಾಪಸ್ ಬರಬೇಕು."

"ಬೀಗರ ಹತ್ರ ಪಾತ್ರೆ ವಾಪಸ್ ಕೇಳ್ತೀಯಾ?"

"ಕೇಳ್ತೀನಿ."

ಉಮ್ಸುನಾಯ್ ಕೋಟು ಹೊದ್ದಳು, ಚೀಲ ತಗೊಂಡಳು, ನಗದೆ ಹೊರಟುಹೋದಳು.

ಪಾತ್ರೆ ಎಂದಮೇಲೆ ಅದನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಅದು ನಮ್ಮೂರಿನ ಮಕ್ಕಳಿಗೂ ಗೊತ್ತು. ನಾಲ್ಕನೇ ದಿನ ಮೊದಲ ಚೀಲ ಬಂತು, ಅದರ ತುಂಬ ಒಣಗಿಸಿದ ಮೊಸರುಂಡೆ. ಆಮೇಲೆ ಅಕ್ರೋಟು, ಮೊಟ್ಟೆ, ಒಬ್ಬಳಂತೂ ಜೀವಂತ ಕೋಳಿಯನ್ನೇ ತುಂಬಿ ತಂದಳು. ಬುರುಲ್ ಮನೆ ಸಂತೆಯಾಯಿತು. ಉಮ್ಸುನಾಯ್‌ಳ ಚೀಲ ಮಾತ್ರ ಮೂರು ವಾರವಾದರೂ ಬರಲಿಲ್ಲ.

"ಒಂದು ತಾನೇ, ಬಿಡೇ," ಎಂದೆ.

"ಅದೊಂದು ಬರದಿದ್ರೆ ನಾನು ಸೋತ ಹಾಗೆ ಕುಲಿಪಾ. ಆ ಹುಡುಗಿಗೆ ತವರು ತಪ್ಪಿಸಿದೆ." ನುರ್ಜಾತ್ ಬೆನ್ನು ತಿರುಗಿಸಿಕೊಂಡು ಹಾಲು ಕಾಯಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಕಾರು ನಿಂತಿತು. ಖುದ್ದು ಉಮ್ಸುನಾಯ್! ಕೈಯಲ್ಲಿ ಅದೇ ಚೀಲ, ಬಾಯಿ ಕಟ್ಟಲಾಗದಷ್ಟು ಒಣ ಜರದಾಳು.

"ಏನ್ ಹಾಗೆ ನೋಡ್ತೀಯಾ ಬೀಗಿತ್ತಿ? ಬರಿದಾಗಿ ತರೋಕಾಗುತ್ತಾ? ಹೊಸ ಜರದಾಳು ಒಣಗಬೇಡ್ವಾ?"

ನುರ್ಜಾತ್ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಸಂಭ್ರಮದಲ್ಲಿ ನನಗೆ ಎಲ್ಲ ಮರೆತೇಹೋಯಿತು. ಬೀಗಿತ್ತಿಯನ್ನು ಒಳಗೆ ಕರೆತಂದು ಮೆತ್ತಗೆ ಕೂರಿಸೋಣವೆಂದು ಮೇಲಿನ ರಜಾಯಿ ಎಳೆದೆ. ಎರಡು ಕಟ್ಟು ಪ್ಲಾಸ್ಟಿಕ್ ಚೀಲ ದೊಪ್ಪನೆ ಅವಳ ಕಾಲ ಬಳಿ ಬಿದ್ದವು.

"ಕುಲಿಪಾ!" ಎಂದಳು ಬುರುಲ್. ನಾನು ಭೂಮಿ ಬಾಯಿಬಿಡಲಿ ಎಂದುಕೊಂಡೆ.

ಉಮ್ಸುನಾಯ್ ಕಣ್ಣೀರು ಬರುವಷ್ಟು ನಕ್ಕಳು. "ಅನುಮಾನ ನನಗೊಬ್ಬಳಿಗೇ ಅಂದ್ಕೊಂಡಿದ್ದೆ!" ಎನ್ನುತ್ತ ಕಾರಿನಿಂದ ದೊಡ್ಡ ಗಂಟೊಂದನ್ನು ತಂದು ನನ್ನ ಮಡಿಲಿಗೇ ಹಾಕಿದಳು. ಅವಳ ಮನೆಯ ಅಷ್ಟೂ ಕಿಟಕಿಗಳ ಪರದೆ. "ಮುಂದಿನ ತಿಂಗಳು ನಮ್ಮವರ ಎಪ್ಪತ್ತರ ಔತಣ. ಇನ್ನೂರು ಜನ. ಹೊಲಿ!"

ಬುರುಲ್ ಕತ್ತರಿಸಿದಳು, ನಾನು ಹೊಲಿದೆ, ಬೆರಳು ಊದಿಸಿಕೊಂಡೆ. ಆ ಔತಣ ಮುಗಿದು ಹೊರಡುವಾಗ ಉಮ್ಸುನಾಯ್ ನಾನೇ ಹೊಲಿದ ಚೀಲದಲ್ಲಿ ಕೆಶಿಕ್ ತುಂಬಿ ಕೊಟ್ಟು, ನನ್ನ ಕಿವಿ ಹಿಂಡಿ ಹೇಳಿದಳು: "ಪಾತ್ರೆ, ಕುಲಿಪಾ. ವಾಪಸ್ ಬರಬೇಕು."