ಕತ್ತಿ ಹೊರಗಿಟ್ಟು ಬಾ

ಇವತ್ತು ಬೆಳಿಗ್ಗೆ ನಮ್ಮ ಕಾಫಿ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಉಪದೇಶ ಕಳಿಸಿದ್ದರು: ಆಯುಧ ಹಿಡಿದ ಕಳ್ಳ ಎದುರಾದರೆ ಏನು ಮಾಡಬೇಕು. ವಾದಕ್ಕಿಳಿಯಬೇಡಿ, ಕೇಳಿದ್ದನ್ನು ಕೊಟ್ಟುಬಿಡಿ, ಮುಖ ನೆನಪಿಟ್ಟುಕೊಳ್ಳಿ. ಅಲ್ಲಿಯವರೆಗೆ ಸರಿಯೇ. ಕೊನೆಗೆ, ಹರಿತವಾದ ಆಯುಧ ಹಿಡಿದವರು ಮನೆಯ ಸುತ್ತಮುತ್ತ ಕಂಡರೆ ತಕ್ಷಣ ಪೊಲೀಸರಿಗೆ ತಿಳಿಸಿ ಎಂದಿತ್ತು. ಬರೆದ ಪುಣ್ಯಾತ್ಮ ನಮ್ಮ ಹಾನುಬಾಳಿನ ಕಡೆ ಒಂದು ದಿನವೂ ಇದ್ದವನಲ್ಲ. ಇಲ್ಲಿ ಬೆಳಗಾದರೆ ಗಂಡಸರೆಲ್ಲ ತೋಟದ ಕೆಲಸದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುವುದು. ತಿಳಿಸುತ್ತಾ ಕೂತರೆ ಪೊಲೀಸರು ಇಡೀ ಊರನ್ನೇ ಜೀಪಿಗೆ ತುಂಬಬೇಕಾದೀತು, ಮೊದಲು ನನ್ನನ್ನು.

ನೀವು ನಕ್ಕಿರಬಹುದು. ನನಗೂ ನಗು ಬಂತು. ಆಮೇಲೆ ಕಣ್ಣು ಅಡಿಗೆಮನೆಯ ಹಿಂಬಾಗಿಲ ಕಡೆ ಹೋಯಿತು. ಚಿಲಕ ಎಂದಿನಂತೆ ಬಿಗಿದೇ ಇತ್ತು.

ಸಂಶಯ ನನ್ನ ಹುಟ್ಟುಗುಣ. ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದವರೆಲ್ಲ ನನ್ನ ಪಾಲಿಗೆ ಕಳ್ಳರೇ. ಮಿಕ್ಸಿ ರಿಪೇರಿಯವನು, ಜೇನು ಮಾರುವವನು, ಯಾರನ್ನೂ ಬಿಟ್ಟವನಲ್ಲ. ಮತದಾರರ ಪಟ್ಟಿ ಹಿಡಿದು ಬಂದ ಮೇಷ್ಟರನ್ನೂ ಗೇಟಿನಾಚೆ ನಿಲ್ಲಿಸಿ, ಯಾವ ಶಾಲೆ, ಯಾರ ಮಗ ಎಂದು ವಿಚಾರಿಸಿದ್ದೇನೆ. ಅಣ್ಣನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಇದಕ್ಕೆ ಪೂರ್ತಿ ಉಲ್ಟಾ. ಆಲೂರು ಕಡೆಯಿಂದ ಬಂದವರು. ಅಂಗಳಕ್ಕೆ ಯಾರು ಕಾಲಿಟ್ಟರೂ ಕಾಫಿ ಕೊಡದೆ ಕಳಿಸುವವರಲ್ಲ. ಅವರದು ಒಂದೇ ಕಟ್ಟಳೆ: ಕತ್ತಿಯನ್ನು ಹಿಂದಿನ ಜಗಲಿಯ ಕಟ್ಟೆ ಮೇಲಿಟ್ಟು ಆಮೇಲೆ ಲೋಟ ಹಿಡಿಯಬೇಕು. ಅವರದು ಅಂದೆನಲ್ಲ, ಇದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವುದೇ. ಕತ್ತಿ ಹಿಡಿದು ಯಾರೂ ಹೊಸಿಲು ದಾಟುವುದಿಲ್ಲ. ಅಣ್ಣ ತೋಟದಿಂದ ಬಂದರೂ ಮೊದಲು ಕಟ್ಟೆಯ ಮೇಲೆ ಠಣ್ಣೆಂಬ ಸದ್ದು, ಆಮೇಲೆ ಕಾಲು ತೊಳೆಯುವ ನೀರಿನ ಸದ್ದು.

ಕೆಲವು ವರ್ಷಗಳ ಹಿಂದೆ, ಮರಗಸಿಯ ಕಾಲ. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳ ಕೊಂಬೆ ಕಡಿಸುವ ಕೆಲಸ ಅದು. ಮರ ಹತ್ತುವವರನ್ನು ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಅಣ್ಣ ಅದಕ್ಕೇ ಯಸಳೂರಿನ ಕಡೆ ಹೋಗಿದ್ದ. ಮಧ್ಯಾಹ್ನ ನಾನು, ಅತ್ತಿಗೆ ಇಬ್ಬರೇ ಊಟ ಮುಗಿಸಿ ಕೂತಿದ್ದಾಗ ಗೇಟಿನ ಹತ್ತಿರ ಒಬ್ಬ ಅಪರಿಚಿತ ಕಾಣಿಸಿಕೊಂಡ. ತಲೆಗೆ ಟವೆಲು, ಸೊಂಟದಲ್ಲಿ ಕತ್ತಿ. ಬ್ಯಾಗಿರಲಿಲ್ಲ. ಕತ್ತಿ ಕಂಡು ನನಗೆ ಹೋದ ಜೀವ ಬಂದ ಹಾಗಾಯಿತು.

“ಮರಗಸಿಗೆ ಬಂದ್ಯೇನಪ್ಪಾ?” ಎಂದು ನಾನೇ ಕೂಗಿದೆ.

“ಹೂಂ ಕಣಣ್ಣ. ಯಜಮಾನ್ರು ಇಲ್ವಾ?”

“ಯಾರೂ ಇಲ್ಲ ಮಾರಾಯ, ಸಂಜೆ ಬರ್ತಾರೆ. ಬಾ, ಕಾಫಿ ಕುಡಿ.”

ನೋಡಿ, ಊರಿನ ಸಂಶಯವನ್ನೆಲ್ಲ ಗುತ್ತಿಗೆ ಹಿಡಿದವನ ಬಾಯಲ್ಲಿ ಬಂದ ಮಾತು ಇದು. ಅತ್ತಿಗೆಯೂ ಅಷ್ಟೇ ಖುಷಿಯಲ್ಲಿ ಒಲೆ ಹಚ್ಚಿದರು. ಅವನು ಜಗಲಿ ಹತ್ತಿ ಅಡಿಗೆಮನೆಯ ಹಿಂಬಾಗಿಲಿಗೆ ಬಂದ. ಹಿಂದೆ ನಾನು.

“ಕತ್ತಿ ಹೊರಗಿಟ್ಟು ಬಾ ಕಣಪ್ಪಾ,” ಎಂದರು ಅತ್ತಿಗೆ, ಹಾಲಿನ ಪಾತ್ರೆಯಿಂದ ಕಣ್ಣೆತ್ತದೆ.

ಅವನು ಇಡಲಿಲ್ಲ. ಹೊಸಿಲು ದಾಟಿದ. ಅತ್ತಿಗೆ ತಿರುಗಿ ನೋಡಿದರು. ಅವರಿಗೆ ಆಗಲೇ ಗೊತ್ತಾಗಿಹೋಯಿತು. ನನಗೆ ಗೊತ್ತಾದದ್ದು ಅವನು ಕತ್ತಿ ಕೈಗೆ ತೆಗೆದುಕೊಂಡು “ಸರ ಬಿಚ್ಚಿ” ಎಂದ ಮೇಲೆ.

“ಏಯ್, ಯಾರೋ ನೀನು!” ಎಂದು ನಾನು ಬಾಗಿಲ ತುಂಬ ನಿಂತು ಅಬ್ಬರಿಸಿದೆ. ಅವನು ಕತ್ತಿ ಎತ್ತಿ ನನ್ನ ಕಡೆ ತಿರುಗಿದ.

“ಬಾಗ್ಲು ಬುಟ್ಟು ಆ ಕಡೆ ನಿಂತ್ಕೊಳೋ!” ಅತ್ತಿಗೆ ನನ್ನನ್ನು ಗದರಿದರು. ಆಮೇಲೆ ಅವನಿಗೆ, ಮೆತ್ತಗೆ: “ಅವ್ನಿಗೆ ಬಾಯಿ ಜಾಸ್ತಿ ಕಣಪ್ಪಾ, ಏನೂ ಮಾಡ್ಬ್ಯಾಡ. ಕೊಂಡಿ ಬಿಗಿಯಾಗೈತೆ, ಒಂದು ಗಳಿಗೆ ಇರು. ಹಾಂ, ತಗೋ. ಬಾಗ್ಲು ತೆಗ್ದೈತೆ, ಹೋಗು.”

ಅವನು ಹೋದ. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು. ಅತ್ತಿಗೆ ಅದರತ್ತ ನೋಡದೆ ಹಿಂಬಾಗಿಲು ಎಳೆದು ಮುಚ್ಚಿದರು.

ಸಂಜೆ ಬಂದ ನೆರೆಯವರೊಬ್ಬರು ನನ್ನನ್ನು ಹಿಡಿದುಕೊಂಡರು: “ಗಂಡ್ಸಾಗಿ ಸುಮ್ಕೆ ನಿಂತಿದ್ಯೇನೋ?” ಉತ್ತರ ಕೊಟ್ಟವರು ಅತ್ತಿಗೆ. “ಸುಮ್ಕೆ ನಿಂತಿದ್ಕೇ ಮಾರಾಯ, ಈಗ ನಿನ್ ಮುಂದೆ ನಿಂತವ್ನೆ.”

ಸರ ಸಿಗಲಿಲ್ಲ. ನನ್ನ ಹೊಟ್ಟೆ ಉರಿಯುವುದು ಸರಕ್ಕಲ್ಲ. ಅಂದಿನಿಂದ ಅತ್ತಿಗೆ ಹಿಂಬಾಗಿಲಿಗೆ ಚಿಲಕ ಹಾಕಿಯೇ ಇಟ್ಟರು. ಕಾಫಿ ನಿಲ್ಲಿಸಲಿಲ್ಲ, ಆದರೆ ಲೋಟ ಕಿಟಕಿಯ ಸರಳುಗಳ ನಡುವಿನಿಂದ ಬರತೊಡಗಿತು. ಕುಡಿಯುವವರು ತಲೆ ತಗ್ಗಿಸಿ ಕುಡಿದು, ಲೋಟ ಕಿಟಕಿಯಲ್ಲಿಟ್ಟು ಹೋಗುತ್ತಾರೆ. ಮಾತಿಲ್ಲ. ನನ್ನಂಥ ಸಂಶಯದ ಪ್ರಾಣಿ ಮನೆಗೊಂದು ಸಾಕಾಗಿತ್ತು.

ಇವತ್ತು ಆ ಉಪದೇಶ ಓದಿ ಫೋನು ಕೆಳಗಿಡುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಸೊಂಟದಲ್ಲಿ ಕತ್ತಿ ಇದ್ದ ಒಬ್ಬ ನಡುವಯಸ್ಸಿನವನು. ಈ ಸಲ ಉತ್ತರವನ್ನು ನಾನೇ ಅವನ ಬಾಯಿಗಿಡಲಿಲ್ಲ. ಊರು, ಹೆಸರು, ಕಳಿಸಿದವರು ಯಾರು, ಎಲ್ಲ ಕೇಳಿದೆ. ಅಷ್ಟು ಸಾಲದೆಂದು ತೋಟದಲ್ಲಿದ್ದ ಅಣ್ಣನಿಗೂ ಫೋನು ಮಾಡಿದೆ. “ನಾನೇ ಬರಕ್ಕೆ ಹೇಳಿದ್ದು ಕಣೋ,” ಎಂದು ಬೈದ. ಬಂದವನು ಜಗಲಿ ಹತ್ತಿ ಸೊಂಟಕ್ಕೆ ಕೈ ಹಾಕಿದ. ಕಟ್ಟೆಯ ಮೇಲೆ ಠಣ್ಣೆಂದಿತು.

ಕಿಟಕಿಯಿಂದ ಲೋಟ ಬಂತು. ಅವನು ತೆಗೆದುಕೊಳ್ಳಲಿಲ್ಲ.

“ಜೈಲ್ನಾಗೆ ಇರೋರಿಗೆ ಹಿಂಗ್ ಕೊಡೋದು ಕಣಕ್ಕ. ನಾನೇನ್ ಮಾಡಿವ್ನಿ?” ಎಂದ. ಕೋಪವಿರಲಿಲ್ಲ, ನೋವಿತ್ತು. “ಕತ್ತಿ ಅಲ್ಲೈತೆ. ಬೇಕಾದ್ರೆ ಒಳಕ್ಕೆ ತಗಂಡು ಇಟ್ಕಳಿ.”

ಸರಳಿನ ನಡುವೆ ಅತ್ತಿಗೆಯ ಕೈ ಲೋಟ ಹಿಡಿದೇ ಇತ್ತು. ಆಮೇಲೆ ಮೆಲ್ಲಗೆ ಒಳಗೆ ಹೋಯಿತು. ಮುಗಿಯಿತು, ಇನ್ನು ಕಿಟಕಿಯೂ ಮುಚ್ಚಿತು ಅಂದುಕೊಂಡೆ. ಚಿಲಕ ಸರಿದ ಸದ್ದಾಯಿತು. ಅತ್ತಿಗೆ ಲೋಟ ಹಿಡಿದು ಜಗಲಿಗೆ ಬಂದರು.

“ಬಿಸಿ ಐತೆ, ನಿಧಾನಕ್ಕೆ ಕುಡಿಯಪ್ಪಾ. ಯಾವೂರು ನಿಂದು?”

ನನಗೆ ಕಣ್ಣು ತುಂಬಿ ಬಂತು. ಆದರೂ ಹೋಗಿ ಕತ್ತಿಯ ಪಕ್ಕದಲ್ಲೇ ಕೂತೆ.