ಕಿಂಡಿ ಸಮೇತ ಮನೆ ಮಾರಿದ ಸಪ್ಪಲಮ್ಮ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದವರು ಮನೆ ಮಾರಿ ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ನನಗೆ ತಿಳಿಯದು. ಬಹುಶಃ ಅವರ ಊರಿನಲ್ಲೂ ಪಾಪಯ್ಯನಂಥ ದಲ್ಲಾಳಿ ಇದ್ದು, ಆ ಕಷ್ಟವನ್ನೆಲ್ಲ ಅವನೇ ನೋಡಿಕೊಳ್ಳುತ್ತಿದ್ದನೇನೋ. ನಮ್ಮ ತೂಬಗೆರೆಯಲ್ಲಂತೂ ಎತ್ತು, ಹೊಲ, ಹುಣಸೆಮರದ ಫಸಲು, ಮನೆ, ಯಾವುದು ಕೈ ಬದಲಾಗಬೇಕಾದರೂ ನಡುವೆ ಪಾಪಯ್ಯ ಇರಲೇಬೇಕು. ಕೊಡುವವನಿಂದ ನೂರಕ್ಕೆ ಎರಡು, ಕೊಳ್ಳುವವನಿಂದ ನೂರಕ್ಕೆ ಎರಡು. ಅವನನ್ನು ಬಿಟ್ಟು ಮನೆ ಮಾರಿದವರು ನಾನು ಕಂಡಂತೆ ಸಪ್ಪಲಮ್ಮ ಒಬ್ಬರೇ. ಆ ಮನೆಯನ್ನು ಕೊಂಡವರು ನಾವು. ಆದ್ದರಿಂದ ಈ ಕಥೆ ಹೇಳುವ ಹಕ್ಕು ನನ್ನದು, ಬೇರೆಯವರು ಹೇಳಿದರೆ ಅರ್ಧ ಮಾತ್ರ ನಂಬಿ.

ಅರವತ್ತೆಂಟನೆಯ ಇಸವಿಯ ಮಾತು. ಸಪ್ಪಲಮ್ಮನಿಗೆ ಆಗ ಐವತ್ತರ ಹತ್ತಿರ. ಗಂಡ ಸೊಣ್ಣಪ್ಪ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಾಗೆಂದು ಮೂಲೆ ಹಿಡಿದು ಕೂರುವ ಹೆಂಗಸಲ್ಲ. ಊರಿನ ಯಾವ ಮದುವೆಯಾದರೂ ಅಡುಗೆಯ ಯಜಮಾನಿಕೆ ಅವರದೇ. ಅವರ ಇಡ್ಲಿ ತಿಂದವರು ತಮ್ಮ ಮನೆಗೆ ಹೋಗಿ ಹೊಗಳಿ, ಹೆಂಡತಿಯಿಂದ ಬೈಸಿಕೊಂಡದ್ದುಂಟು. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ ಖಾಲಿಯಾಗಿದೆ, ಬೆಳಿಗ್ಗೆ ಎದ್ದರೆ ಮಗ್ಗದವರ ಸಾಲು ಸಾಲು ಅಲ್ಲೇ ಓಡಾಡುತ್ತದೆ ಎಂದು ಯಾರೋ ಹೇಳಿದರು. ಸಪ್ಪಲಮ್ಮನ ತಲೆಯೊಳಗೆ ಆಗಲೇ ಒಲೆ ಹತ್ತಿಕೊಂಡಿತು. ಮನೆ ಮಾರಿ ಹೋಟೆಲ್ ಇಡುವುದೆಂದು ತೀರ್ಮಾನಿಸಿದರು. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಅಂಗಡಿಯ ಮಾಲೀಕ ಹೇಳಿದ್ದ.

ಪಾಪಯ್ಯ ಬಂದ. ಮನೆಯನ್ನೆಲ್ಲ ಸುತ್ತು ಹಾಕಿದ. ಅಡುಗೆಮನೆಯಲ್ಲಿ ನಿಂತು ಗೋಡೆಯತ್ತ ಬೆರಳು ಮಾಡಿ, "ಅಲ್ಲಾ ಸಪ್ಪಲಕ್ಕ, ಇದನ್ನ ಮೊದ್ಲು ಮುಚ್ಚಾಕು. ಪಕ್ಕದ ಮನೆ ಒಲೆಗೆ ಬಾಯಿ ತೆಕ್ಕೊಂಡಿರೋ ಗೋಡೆನ ಯಾವನು ತಗೋತಾನೆ?" ಎಂದ.

ಗೋಡೆಯಲ್ಲಿ ಒಂದು ಕಿಂಡಿಯಿತ್ತು. ಒಂದು ಕೈ, ಕೈಯಲ್ಲೊಂದು ಸೌಟು, ಇಷ್ಟು ಆಚೀಚೆ ಹೋಗುವಷ್ಟು ಅಗಲ. ಅದರ ಕಥೆ ಹೀಗೆ. ಆ ಎರಡು ಮನೆಗಳು ಹಿಂದೆ ಒಂದೇ ಮನೆ. ಅಣ್ಣ ದೊಡ್ಡಮುನಿಯಪ್ಪ, ತಮ್ಮ ಸೊಣ್ಣಪ್ಪ. ಪಾಲಾಗುವಾಗ ಹೊಲಕ್ಕೆ ಜಗಳವಾಗಲಿಲ್ಲ, ದನಕ್ಕೆ ಜಗಳವಾಗಲಿಲ್ಲ, ಒಂದು ತಾಮ್ರದ ಕೊಪ್ಪರಿಗೆಗೆ ಜಗಳವಾಯಿತು. ಗಂಡಸರ ಬುದ್ಧಿ! ಕೊಪ್ಪರಿಗೆ ಅಣ್ಣನಿಗೆ ಹೋಯಿತು. ತಮ್ಮ ಸಿಟ್ಟಾಗಿ ಮುತ್ಯಾಲಮ್ಮನ ಗುಡಿಯ ಮುಂದೆ ನಿಂತ, ಅಣ್ಣನೂ ನಿಂತ. ಇವರ ಹೊಸಿಲನ್ನು ಅವರ ಮನೆಯವರು ತುಳಿಯುವುದಿಲ್ಲ, ಅವರ ಹೊಸಿಲನ್ನು ಇವರ ಮನೆಯವರು ತುಳಿಯುವುದಿಲ್ಲ ಎಂದು ಇಬ್ಬರೂ ಆಣೆ ಇಟ್ಟರು. ನಡುವೆ ಗೋಡೆ ಎದ್ದಿತು. ಅಣ್ಣನ ಹೆಂಡತಿ ಅಂಜಿನಮ್ಮ, ತಮ್ಮನ ಹೆಂಡತಿ ಸಪ್ಪಲಮ್ಮ, ಈ ಓರಗಿತ್ತಿಯರಿಬ್ಬರೂ ಗೋಡೆ ಕಟ್ಟುವವನಿಗೆ ಹೊಟ್ಟೆ ತುಂಬ ಮುದ್ದೆ, ಕೋಳಿ ಸಾರು ಬಡಿಸಿ ಅಡುಗೆಮನೆಯ ಗೋಡೆಯಲ್ಲಿ ಈ ಕಿಂಡಿ ಬಿಡಿಸಿಕೊಂಡರು. ಗಂಡಂದಿರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವರು ಅಡುಗೆಮನೆಗೆ ಬಂದರೂ ಕಣ್ಣು ತಟ್ಟೆಯ ಮೇಲೆಯೇ ಇರುತ್ತಿತ್ತು.

"ಆಣೆ ಇಟ್ಟಿದ್ದು ಕಾಲಿಗೆ ಕಣಮ್ಮ, ಕೈಗಲ್ಲ" ಎಂದು ಸಪ್ಪಲಮ್ಮ ಮುಂದೆ ನನಗೆ ಹೇಳಿದ್ದರು.

ಅಣ್ಣತಮ್ಮ ಇಬ್ಬರೂ ಹೋದರು, ಆಣೆ ಮಾತ್ರ ಉಳಿಯಿತು. ಸತ್ತವರ ಆಣೆ ಮುರಿಯುವ ಧೈರ್ಯ ಓರಗಿತ್ತಿಯರಿಬ್ಬರಿಗೂ ಇರಲಿಲ್ಲ. ಅಂಜಿನಮ್ಮನಿಗೆ ಮಂಡಿ ಹಿಡಿದುಕೊಂಡು ಬೀದಿಗೆ, ಬಾವಿಗೆ ಬರುವುದೂ ನಿಂತಿತ್ತು. ಮಗ ಲಕ್ಷ್ಮಯ್ಯ ಬೆಳಿಗ್ಗೆ ಹೊಲಕ್ಕೆ ಹೋದರೆ ಸಂಜೆಯವರೆಗೆ ಆಕೆಗೆ ಜಗತ್ತೆಂದರೆ ಆ ಕಿಂಡಿ. ಕೆಂಡ, ಉಪ್ಪು, ಸಾರು, ಊರಿನ ಸುದ್ದಿ ಎಲ್ಲವೂ ಅದರಲ್ಲೇ ಹೋಗಿ ಬರುತ್ತಿತ್ತು. ಕಿಂಡಿ ಮುಚ್ಚಿದರೆ ಆ ಇಬ್ಬರು ಮತ್ತೆ ಈ ಜನ್ಮದಲ್ಲಿ ಕೂತು ಮಾತನಾಡುವ ಜಾಗವೇ ಇರಲಿಲ್ಲ.

ಪಾಪಯ್ಯ ಹೇಳಿದರೂ ಸಪ್ಪಲಮ್ಮ ಕಿಂಡಿ ಮುಚ್ಚಿಸಲಿಲ್ಲ. ಎರಡು ದಿನ ಬಿಟ್ಟು ಅವನು ದೊಡ್ಡಬಳ್ಳಾಪುರದ ಒಬ್ಬ ಅಕ್ಕಿ ಗಿರಣಿ ಸಾಹುಕಾರನನ್ನು ಕರೆತಂದ. ಸಾಹುಕಾರನಿಗೆ ಮೂಟೆ ಇಡಲು ಜಾಗ ಬೇಕಿತ್ತು. ಸಪ್ಪಲಮ್ಮ ಎಲೆ ಅಡಿಕೆ ತರಲು ಹಜಾರಕ್ಕೆ ಹೋದಾಗ ಇಬ್ಬರೂ ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಗೋಡೆಗೂ ಕಿವಿಯಿದೆ ಎನ್ನುವುದನ್ನು ಊರಿಗೆಲ್ಲ ಹೇಳುವ ಪಾಪಯ್ಯ ಅವತ್ತು ತಾನೇ ಮರೆತ.

ಅವರು ಹೋದದ್ದೇ ತಡ, ಕಿಂಡಿ ಮಾತನಾಡಿತು. "ಸಪ್ಪಲೀ, ಬಾರೆ ಇಲ್ಲಿ. ಮೂರು ಸಾವ್ರದ ಮನೆ ಇದು, ಕಂಬಕ್ಕೆ ಗೆದ್ದಲು ಹಿಡ್ದೈತೆ ಅಂತ ಹೆದರಿಸಿ ಎರಡು ಸಾವ್ರಕ್ಕೆ ಇಳಿಸ್ತೀನಿ, ನಂಗೆ ಬೇರೆ ನೂರು ಕೊಡಿ ಅಂದ ಕಣೆ ಆ ಪಾಪಯ್ಯ!"

ಮಾರನೆಯ ದಿನ ಪಾಪಯ್ಯ ಬಂದು, "ಅಕ್ಕಾ, ಕಂಬದಾಗೆ..." ಎಂದು ಬಾಯಿ ತೆರೆದ. ಸಪ್ಪಲಮ್ಮ ಮೊದಲು ಅವನಿಗೆ ಕಾಫಿ ಕೊಟ್ಟರು. ಕುಡಿದು ಮುಗಿಸುವವರೆಗೆ ಕಾದರು. ಆಮೇಲೆ ಬೈದರು. "ಗೆದ್ದಲು ನನ್ ಕಂಬಕ್ಕಲ್ಲ ಕಣಯ್ಯ, ನಿನ್ ನಾಲಿಗೆಗೆ ಹಿಡ್ದಿರೋದು! ನನ್ ಮನೆ ನಾನೇ ಮಾರ್ಕೋತೀನಿ, ನಡಿ." ಆ ಬೈಗುಳ ಅರಳಿಕಟ್ಟೆಯವರೆಗೆ ಕೇಳಿಸಿತಂತೆ.

ಪಾಪಯ್ಯ ಅದೇ ಕಟ್ಟೆಯ ಮೇಲೆ ಕೂತು ನಕ್ಕ. "ಮಾರ್ಲಿ ಬಿಡ್ರಪ್ಪಾ, ನಾನೂ ನೋಡ್ತೀನಿ. ಗೋಡೆ ತೂತು ತೋರ್ಸಿ ಮನೆ ಮಾರ್ತಾಳಂತೆ!"

ಅವನು ನಗುವುದಕ್ಕೆ ಕಾರಣವಿತ್ತು. ಸಪ್ಪಲಮ್ಮ ಮನೆ ಮಾರುವ ರೀತಿಯೇ ಹಾಗಿತ್ತು. ಬಂದವರನ್ನು ಹಜಾರದಲ್ಲಿ ಕೂರಿಸದೆ ನೇರ ಅಡುಗೆಮನೆಗೆ ಕರೆದೊಯ್ಯುವುದು. ಇಲ್ಲಿ ಸೋರುತ್ತದೆ, ಅಲ್ಲಿ ಹೆಗ್ಗಣ ಬರುತ್ತದೆ, ಹಿತ್ತಲಿನ ನುಗ್ಗೆಮರದಲ್ಲಿ ಕಂಬಳಿಹುಳ ಎಂದು ತಾವೇ ಒಪ್ಪಿಸುವುದು. ಮನೆ ಮಾರುವವರು ಹೀಗೆ ಮಾತನಾಡಿದರೆ ಕೊಳ್ಳುವವರು ಮುಚ್ಚಿಟ್ಟದ್ದು ಇನ್ನೆಷ್ಟಿದೆಯೋ ಎಂದುಕೊಳ್ಳುತ್ತಾರೆ. ಹತ್ತಿರದ ಮಧುರೆ ಹಳ್ಳಿಯಿಂದ ಬಂದ ಒಬ್ಬಾಕೆ ಕಿಂಡಿ ಕಂಡು ಸೆರಗಿನಿಂದ ಮೂಗು ಮುಚ್ಚಿದಳು. ಇನ್ನೊಬ್ಬ ಮಹಾರಾಯ ಕೋಲಿನಿಂದ ಕಿಂಡಿಯನ್ನು ತಿವಿದು, "ಒಂದು ಬಾಣಲಿ ಮಣ್ಣು ಸಾಕು" ಎಂದ. ಆಚೆಯಿಂದ ಅಂಜಿನಮ್ಮ ಆ ಕೋಲನ್ನು ಹಿಡಿದು ಎಳೆದುಕೊಂಡರು. ಅದು ಅವರ ಒಲೆಗೆ ಸೌದೆಯಾಯಿತು, ಆತ ವಾಪಸ್ ಕೇಳಲಿಲ್ಲ.

ಯುಗಾದಿ ಹತ್ತಿರ ಬಂತು. ಅಷ್ಟರಲ್ಲಿ ನಾವು ಬಂದೆವು. ನಮ್ಮ ಯಜಮಾನರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್, ಹೊಸಕೋಟೆಯ ಕಡೆಯಿಂದ ತೂಬಗೆರೆಗೆ ವರ್ಗವಾಗಿತ್ತು. ಮಾವನವರು ಕೊಟ್ಟದ್ದು, ನನ್ನ ತವರಿನವರು ಕೊಟ್ಟದ್ದು ಸೇರಿಸಿ ಎರಡೂವರೆ ಸಾವಿರವಿತ್ತು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಕೇಳಿದರೂ ಎದ್ದು ಬಂದುಬಿಡೋಣ ಎಂದು ಬಸ್ಸಿನಲ್ಲೇ ಮಾತಾಗಿತ್ತು.

ಸಪ್ಪಲಮ್ಮ ನಮ್ಮ ಯಜಮಾನರನ್ನು ಒಂದು ಮಾತೂ ಕೇಳಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು, "ಭಾಗ್ಯಮ್ಮ ಅಲ್ವಾ ನಿನ್ನೆಸ್ರು? ಒಲೆ ಹಚ್ಚಮ್ಮ, ಕಾಫಿ ಕಾಯಿಸೋಣ" ಎಂದರು. ಸುತ್ತ ನೋಡಿದೆ. ಬೆಂಕಿಪೊಟ್ಟಣವಿಲ್ಲ. ಏನು ಮಾಡಲಿ ಎನ್ನುವಷ್ಟರಲ್ಲಿ ಗೋಡೆಯೊಳಗಿನಿಂದ ಒಂದು ಕೈ, ಕೆಂಡ ತುಂಬಿದ ಸೌಟು ಹಿಡಿದು ನನ್ನ ಮೂಗಿನ ಮುಂದೆ ಬಂತು.

ನಾನು ಕಿರುಚಿದ್ದನ್ನು ಕೇಳಿ ನಮ್ಮ ಯಜಮಾನರು ಹಾವೆಂದು ಓಡಿ ಬಂದರು. ಸಪ್ಪಲಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಸಿಟ್ಟು ಬಂತು, ಆದರೂ ಸೌಟು ತೆಗೆದುಕೊಂಡೆ, ಒಲೆಗೆ ಕೆಂಡ ಸುರಿದೆ, ಊದಿದೆ. ಸೌಟನ್ನು ವಾಪಸ್ ಕೊಡಬೇಕಲ್ಲ. ನೆರೆಯವರ ಪಾತ್ರೆಯನ್ನು ಬರಿದಾಗಿ ಕಳಿಸಿದರೆ ನಮ್ಮಮ್ಮ ಬೆನ್ನಿನ ಮೇಲೆ ಬಾರಿಸುತ್ತಿದ್ದಳು. ಸೆರಗಿನ ಗಂಟಿನಲ್ಲಿ ದಾರಿಗೆಂದು ಕಟ್ಟಿಕೊಂಡಿದ್ದ ಬೆಲ್ಲದ ಚೂರಿತ್ತು. ಅದನ್ನು ಸೌಟಿಗೆ ಹಾಕಿ ಕಿಂಡಿಯಲ್ಲಿ ಕೊಟ್ಟೆ. ಸೌಟು ಕಾದಿದೆ ಎನ್ನುವ ಬುದ್ಧಿ ನನಗೆಲ್ಲಿತ್ತು! ಬೆಲ್ಲ ಚುಂಯ್ ಎಂದು ಕರಗಿ ಅಂಟಿಕೊಂಡಿತು.

ಆಚೆ ಸೌಟು ಕೆರೆಯುವ ಸದ್ದು. ಆಮೇಲೆ ಅಂಜಿನಮ್ಮನ ದನಿ ಬಂತು. "ಸಪ್ಪಲೀ, ಸೌಟು ಹಾಳಾಯ್ತು ಕಣೆ. ಆದ್ರೆ ಬರೀದು ಬರ್ಲಿಲ್ಲ."

"ಹಂಗಾದ್ರೆ ಮನೆ ಇವ್ರಿಗೇ" ಎಂದರು ಸಪ್ಪಲಮ್ಮ. "ಎಷ್ಟು ತಂದಿದ್ದೀರಪ್ಪಾ?"

ನಮ್ಮ ಯಜಮಾನರು ಮೊತ್ತ ಹೇಳಿದರು. ಕಾಫಿ ಇನ್ನೂ ಇಳಿಸಿರಲಿಲ್ಲ, ಪಾಪಯ್ಯ ಬಾಗಿಲಲ್ಲಿ ನಿಂತಿದ್ದ. ನಾವು ಬಂದದ್ದು ಅವನಿಗೆ ಬಸ್ ಇಳಿಯುವಾಗಲೇ ತಿಳಿದಿರಬೇಕು. "ಅಕ್ಕಾ, ಹಿಂದಿಂದೆಲ್ಲ ಬಿಟ್ಬಿಡು. ಸಾಹುಕಾರ್ರು ಮೂರು ಸಾವ್ರಕ್ಕೆ ಒಪ್ಪವ್ರೆ, ನಾಳೆನೇ ರಿಜಿಸ್ಟ್ರಿ. ನಿನ್ ಹೋಟ್ಲಿಗೂ ಅಷ್ಟೇ ಬೇಕು ಅಂತ ಊರಿಗೇ ಗೊತ್ತು" ಎಂದ.

ಅದು ನಿಜವಾಗಿತ್ತು. ಅಂಗಡಿಯ ಮುಂಗಡ, ಮರದ ಬೆಂಚು, ಪಾತ್ರೆ ಎಲ್ಲ ಸೇರಿ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಸಪ್ಪಲಮ್ಮ ಒಮ್ಮೆ ಪಾಪಯ್ಯನತ್ತ, ಒಮ್ಮೆ ಕಿಂಡಿಯತ್ತ ನೋಡಿದರು. ಗಿರಣಿಯವನು ಕೊಂಡರೆ ಆ ಕಿಂಡಿಯ ಮುಂದೆ ಅಕ್ಕಿ ಮೂಟೆ ಬಂದು ಕೂರುತ್ತದೆ. ಅವನನ್ನು ಕೈಬಿಟ್ಟರೆ ಹೋಟೆಲ್ ಹೋಗುತ್ತದೆ. ಎದ್ದು ಹೋಗೋಣ ಎಂದು ನಮ್ಮ ಯಜಮಾನರಿಗೆ ಕಣ್ಣಲ್ಲೇ ಹೇಳಿದೆ.

ಆಗ ಗೋಡೆ ಮಾತನಾಡಿತು. "ಸಪ್ಪಲೀ, ಕೊಟ್ಬಿಡೆ ಸಾಹುಕಾರ್ರಿಗೆ. ನಂಗೇನು, ಇವತ್ತೋ ನಾಳೆನೋ. ನೀನು ಅಂಗ್ಡಿ ಬಿಡ್ಬೇಡ."

"ನೀನು ಬಾಯ್ಮುಚ್ಚಕ್ಕ!" ಎಂದು ಸಪ್ಪಲಮ್ಮ ಗದರಿದರು.

ಕಿಂಡಿಯಾಚೆ ಏನೋ ಎಳೆದಾಡುವ ಸದ್ದು, ಅವತ್ತು ಹೊಲಕ್ಕೆ ಹೋಗದೆ ಮನೆಯಲ್ಲೇ ಇದ್ದ ಲಕ್ಷ್ಮಯ್ಯನನ್ನು ಕೂಗುವ ಸದ್ದು. ಸ್ವಲ್ಪ ಹೊತ್ತಿಗೆ ಲಕ್ಷ್ಮಯ್ಯ ಬೀದಿಯಲ್ಲಿ ಬಂದ. ತಲೆಯ ಮೇಲೆ ತಾಮ್ರದ ಕೊಪ್ಪರಿಗೆ, ಅದರ ಹೊಟ್ಟೆಯೊಳಗೆ ತಪ್ಪಲೆ, ತಟ್ಟೆ, ಸೌಟು, ಮದುವೆಗಾಗುವಷ್ಟು ಪಾತ್ರೆ. ಹೊಸಿಲ ಹೊರಗೆ ನಿಂತು ಇಳಿಸಿದ. ಹೊಸಿಲು ತುಳಿಯಲಿಲ್ಲ. "ಚಿಕ್ಕಮ್ಮಾ, ಹೋಟ್ಲಿಗೆ ಪಾತ್ರೆ ತಗೋಳ್ಬೇಡ ಅಂತ ಅಮ್ಮ ಹೇಳಿದ್ಲು. ಇದೇ ಇಟ್ಕೋಬೇಕಂತೆ" ಎಂದ.

ಅಣ್ಣತಮ್ಮಂದಿರನ್ನು ಬೇರೆ ಮಾಡಿದ ಕೊಪ್ಪರಿಗೆ ಅದು. ಸಪ್ಪಲಮ್ಮ ಅದರ ಕಂಠ ಹಿಡಿದುಕೊಂಡು ನಿಂತುಬಿಟ್ಟರು. ಬಾಯಿ ತುಂಬ ಮಾತಾಡುವವರು ಅಳುವುದಕ್ಕೂ ಸದ್ದು ಮಾಡುತ್ತಾರೆ ಎಂದುಕೊಂಡಿದ್ದೆ. ಸದ್ದೇ ಇರಲಿಲ್ಲ. ಪಾತ್ರೆಯ ಖರ್ಚು ಉಳಿದು, ನಮ್ಮ ಎರಡೂವರೆ ಸಾವಿರಕ್ಕೇ ಲೆಕ್ಕ ಹತ್ತಿರ ಹತ್ತಿರ ಸರಿಹೋಯಿತು, ಮನೆ ನಮ್ಮದಾಯಿತು. ಸಪ್ಪಲಮ್ಮ ಕಣ್ಣೊರೆಸಿಕೊಂಡು ಪಾಪಯ್ಯನಿಗೆ, "ಬಂದಿದ್ದೀಯ, ಕಾಫಿ ಕುಡ್ದು ಹೋಗು" ಎಂದರು. ಅವನು ಕುಡಿಯಲೂ ಕುಡಿದ. ಲೋಟ ಕೆಳಗಿಟ್ಟು, "ನಾನು ಜಾಗದಾಗೇ ಇದ್ನಲ್ಲ, ನಂಗೇನಾದ್ರೂ..." ಎಂದು ತಲೆ ಕೆರೆದುಕೊಂಡ.

"ನಿಂಗ್ಯಾಕೋ ಪಾಪಯ್ಯ?" ಎಂದಿತು ಗೋಡೆ. "ಈ ವ್ಯಾಪಾರಕ್ಕೆ ದಲ್ಲಾಳಿ ನಾನು. ಸಪ್ಪಲೀ, ವಾರಕ್ಕೊಂದ್ಸಲ ಬಂದು ಈ ಕಿಂಡಿ ಹತ್ರ ಕೂತ್ಕೋಬೇಕು. ಅದೇ ನನ್ ದಲ್ಲಾಳಿ ದುಡ್ಡು."

ಯುಗಾದಿಯ ದಿನ ನಾನು ಆ ಮನೆಯಲ್ಲಿ ಹಾಲುಕ್ಕಿಸಿದೆ, ಅಂಜಿನಮ್ಮ ಕೊಟ್ಟ ಕೆಂಡದಿಂದಲೇ. ದೊಡ್ಡಬಳ್ಳಾಪುರದಲ್ಲಿ ಸಪ್ಪಲಮ್ಮನ ಹೋಟೆಲ್ ಶುರುವಾಯಿತು. ಚೆನ್ನಾಗಿಯೇ ನಡೆಯಿತು, ಕೊಪ್ಪರಿಗೆಗೆ ಮೂರು ಸಲ ಕಲಾಯಿ ಹಾಕಿಸುವಷ್ಟು. ಸೋಮವಾರ ಹೋಟೆಲಿಗೆ ರಜ. ಬೆಳಗಿನ ಬಸ್ಸಿಗೆ ಸಪ್ಪಲಮ್ಮ ಬಾಳೆಲೆಯಲ್ಲಿ ಇಡ್ಲಿ ಕಟ್ಟಿಕೊಂಡು ಬಂದು, ನನ್ನನ್ನು ನನ್ನದೇ ಅಡುಗೆಮನೆಯಿಂದ ಹೊರಗಟ್ಟಿ, ಕಿಂಡಿಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಸಂಜೆಯವರೆಗೆ ಇಬ್ಬರ ನಗು. ಸೋಮವಾರ ನಮ್ಮ ಮನೆಯಲ್ಲಿ ಊಟ ತಡ ಎನ್ನುವುದು ನಮ್ಮ ಯಜಮಾನರಿಗೂ ಅಭ್ಯಾಸವಾಗಿ ಹೋಯಿತು.

ವರ್ಷಗಳು ಕಳೆದವು. ಎಪ್ಪತ್ತೇಳನೆಯ ಇಸವಿಯ ಹೊತ್ತಿಗೆ ಸಪ್ಪಲಮ್ಮನಿಗೂ ಮಂಡಿ ನೋವು ಬಂದಿತ್ತು. ಒಂದು ಸೋಮವಾರ ಬಸ್ ಇಳಿದು ಕುಂಟುತ್ತ ಬಂದು, ಅಮ್ಮಾ ಎನ್ನುತ್ತ ಮಣೆಯ ಮೇಲೆ ಕೂತರು.

"ಅಕ್ಕಾ, ಇನ್ನೂ ಎಷ್ಟು ವರ್ಷ ಕೊಡ್ಬೇಕೆ ಈ ದಲ್ಲಾಳಿ? ಮನೆ ಕ್ರಯಕ್ಕಿಂತ ಇದೇ ಜಾಸ್ತಿ ಆಯ್ತು. ಪಾಪಯ್ಯ ಆಗಿದ್ರೆ ನೂರಕ್ಕೆ ಎರಡು ಇಸ್ಕೊಂಡು ಹೋಗ್ಬಿಡೋನು."

ಕಿಂಡಿಯಿಂದ ಕೈ ಬಂತು, ಸುಕ್ಕುಗಟ್ಟಿದ ಕೈ. ಇಡ್ಲಿಯ ಎಲೆಯನ್ನು ಮುಟ್ಟಲಿಲ್ಲ. ಸಪ್ಪಲಮ್ಮನ ಮುಂಗೈಯನ್ನೇ ಹಿಡಿದುಕೊಂಡಿತು.

"ಅವನನ್ನ ಬಿಟ್ಟು ನನ್ನ ಹಿಡಿದೋಳು ನೀನು ತಾನೆ?" ಎಂದರು ಅಂಜಿನಮ್ಮ. "ಅನುಭವಿಸು."